ಎಸ್ಪೊಸಿಟೊ: ಹೊರಗಿಟ್ಟ ಕೂಸುಗಳ ಮನೆತನ

ನೇಪಲ್ಸ್ ನಗರದಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಯಾವ ಮನೆತನದ್ದೂ ಅಲ್ಲ. ಎಸ್ಪೊಸಿಟೊ ಎಂಬ ಹೆಸರಿನ ಎರಡು ಕುಟುಂಬಗಳು ಒಂದೇ ಓಣಿಯಲ್ಲಿ ಎದುರುಬದುರು ಮನೆ ಮಾಡಿಕೊಂಡಿರಬಹುದು, ಅವುಗಳ ನಡುವೆ ಹೆಣ್ಣು ಕೊಟ್ಟು ತರುವ ಮಾತೂ ನಡೆಯಬಹುದು. ಅವರು ದಾಯಾದಿಗಳಲ್ಲ. ಇಟಲಿಯ ಬೇರೆ ಹೆಸರುಗಳ ಹಿಂದೆ ಯಾವನೋ ಒಬ್ಬ ಮೂಲಪುರುಷ ಕಾಣುತ್ತಾನೆ. ಕೆಂಚುಗೂದಲಿನವನ ವಂಶದವರು ರೊಸ್ಸಿಗಳಾದರು, ಕಮ್ಮಾರನ ಮಕ್ಕಳು ಫೆರಾರಿಗಳಾದರು. ಎಸ್ಪೊಸಿಟೊಗೆ ಅಂಥ ಅಜ್ಜನಿಲ್ಲ. ಆ ಹೆಸರು ಒಂದೊಂದು ಕೂಸಿನಿಂದಲೂ ಹೊಸದಾಗಿ ಶುರುವಾಯಿತು. ಹಾಗೆ ಶುರುವಾಗುತ್ತಲೇ ಶತಮಾನಗಳು ಕಳೆದವು.

ಇವತ್ತು ಇಡೀ ಇಟಲಿಯ ಪಟ್ಟಿ ತೆಗೆದರೂ ರೊಸ್ಸಿ, ರೂಸೊ, ಫೆರಾರಿಗಳ ಜೊತೆಗೆ ಮೊದಲ ಹತ್ತರೊಳಗೆ ಎಸ್ಪೊಸಿಟೊ ಬರುತ್ತದೆ. ಆದರೆ ರೊಸ್ಸಿಯಂತೆ ಅದು ದೇಶದ ತುಂಬ ಹರಡಿಕೊಂಡಿಲ್ಲ. ಅದರ ಬೇರು ಕಂಪಾನಿಯಾ ಪ್ರಾಂತ್ಯದಲ್ಲಿ, ಅಲ್ಲೂ ನೇಪಲ್ಸ್ ಮತ್ತು ಸುತ್ತಲಿನ ಊರುಗಳಲ್ಲಿ ಒತ್ತಾಗಿದೆ. ಒಂದೇ ಊರಿನಲ್ಲಿ ಒಂದು ಹೆಸರು ಇಷ್ಟು ದಟ್ಟವಾಗಿರಬೇಕಾದರೆ ಆ ಊರಿನಲ್ಲೇ ಅದಕ್ಕೊಂದು ಬಾಗಿಲು ಇರಲೇಬೇಕು. ಇತ್ತು. ಆ ಬಾಗಿಲನ್ನು ಈಗಲೂ ಹೋಗಿ ನೋಡಬಹುದು.

ಲ್ಯಾಟಿನ್ನಿನಲ್ಲಿ ‘ಎಕ್ಸ್‌ಪೋಸಿಟುಸ್’ ಅಂದರೆ ಹೊರಗೆ ಇಟ್ಟದ್ದು. ಹೆತ್ತವರು ಹೊರಗಿಟ್ಟು ಹೋದ ಕೂಸುಗಳನ್ನು ಚರ್ಚಿನ ದಾಖಲೆಗಳು ಹೀಗೆ ಕರೆಯುತ್ತಿದ್ದವು. ಪೆಟ್ಟಿಗೆಯಲ್ಲಿ ತೇಲಿಬಂದ ಕರ್ಣನಿಗಾದರೂ ಸಾಕಿದ ತಾಯಿಯ ಹೆಸರಿನಿಂದ ರಾಧೇಯ ಎಂಬ ಗುರುತು ಸಿಕ್ಕಿತು. ನೇಪಲ್ಸಿನ ಈ ಮಕ್ಕಳಿಗೆ ಸಿಕ್ಕಿದ್ದು ತಮಗೆ ಒದಗಿದ ಗತಿಯ ಹೆಸರು. ಮದುವೆಯ ದಾಖಲೆಯಲ್ಲಿ, ಸೈನ್ಯದ ಪಟ್ಟಿಯಲ್ಲಿ, ಕೊನೆಗೆ ಗೋರಿಯ ಕಲ್ಲಿನ ಮೇಲೆ ಅದೇ ಹೆಸರು. ಆಮೇಲೆ ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ.

ಹಳೆಯ ನೇಪಲ್ಸಿನ ಫೋರ್ಚೆಲ್ಲಾ ಎಂಬ ಕಿಕ್ಕಿರಿದ ಕೇರಿಯ ಅಂಚಿನಲ್ಲಿ ಸಂತಿಸ್ಸಿಮಾ ಅನ್ನುನ್ಸಿಯಾಟಾ ಚರ್ಚು ಮತ್ತು ಅದಕ್ಕೆ ಅಂಟಿಕೊಂಡ ಆಸ್ಪತ್ರೆ ಇವೆ. 14ನೇ ಶತಮಾನದಲ್ಲಿ ಒಂದು ಧರ್ಮಸಂಘ ಇದನ್ನು ಕಟ್ಟಿತು. ಕಾಯಿಲೆಯವರ ಆರೈಕೆ, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ವರದಕ್ಷಿಣೆ, ಬಿಟ್ಟುಹೋದ ಕೂಸುಗಳ ಪಾಲನೆ, ಇವು ಅದರ ಕೆಲಸಗಳು. ರಾಜರಾಣಿಯರು, ಸಿರಿವಂತರು ಉಯಿಲು ಬರೆದು ಕೊಟ್ಟ ಜಮೀನು, ಮನೆಗಳಿಂದ ಸಂಸ್ಥೆ ಬೆಳೆದು ಸ್ವಂತದ್ದೊಂದು ಬ್ಯಾಂಕನ್ನೂ ನಡೆಸಿತು. 1702ರಲ್ಲಿ ಆ ಬ್ಯಾಂಕು ಮುಳುಗಿದಾಗ ಸಂಸ್ಥೆಯ ಸಂಪತ್ತೂ ಕರಗಿತು. 1757ರಲ್ಲಿ ಚರ್ಚಿಗೆ ಬೆಂಕಿ ಬಿತ್ತು. ಕಾಸೆರ್ಟಾದ ಅರಮನೆ ಕಟ್ಟಿದ ವಾಸ್ತುಶಿಲ್ಪಿ ಲುಯಿಜಿ ವಾನ್ವಿಟೆಲ್ಲಿ ಅದನ್ನು ಮತ್ತೆ ಕಟ್ಟಿಕೊಡಲು ಮುಂದಾದ. ಅವನ ಮಗ ಅದನ್ನು ಪೂರೈಸಿದ. ಇಷ್ಟೆಲ್ಲ ಏರಿಳಿತಗಳ ನಡುವೆಯೂ ರಸ್ತೆಯ ಕಡೆಗಿನ ಗೋಡೆಯಲ್ಲಿದ್ದ ಒಂದು ಕಿಂಡಿ ತನ್ನ ಕೆಲಸ ನಿಲ್ಲಿಸಲಿಲ್ಲ.

ಅದನ್ನು ಇಟಲಿಯವರು ‘ರುವೋಟಾ’ ಎನ್ನುತ್ತಾರೆ, ಚಕ್ರ. ಗೋಡೆಯ ದಪ್ಪದೊಳಗೆ ನಿಲ್ಲಿಸಿದ ಪೀಪಾಯಿಯಂಥ ಮರದ ಉರುಳೆ, ಒಂದು ಮಗ್ಗುಲು ಮಾತ್ರ ತೆರೆದಿರುತ್ತದೆ. ತೆರೆದ ಮಗ್ಗುಲು ಬೀದಿಯ ಕಡೆಗಿದ್ದಾಗ ಕೂಸನ್ನು ಒಳಗಿಟ್ಟು ತಿರುಗಿಸಿದರೆ ಅದು ಕಟ್ಟಡದ ಒಳಕ್ಕೆ ಸೇರುತ್ತದೆ. ಪಕ್ಕದ ಗಂಟೆ ಬಾರಿಸಿ ಹೊರಟುಬಿಡಬಹುದು. ಒಳಗಿರುವವಳಿಗೆ ಹೊರಗಿನವರ ಮುಖ ಕಾಣದು, ಹೊರಗಿನವರಿಗೆ ಒಳಗಿನವಳದು ಕಾಣದು. ಒಳಗೆ ಹಗಲೂ ರಾತ್ರಿ ಸರದಿಯ ಮೇಲೆ ಕಾಯುವ ಹೆಂಗಸು ಇರುತ್ತಿದ್ದಳು. ಅವಳು ಕೂಸನ್ನು ಎತ್ತಿ, ಹತ್ತಿರದಲ್ಲೇ ಇದ್ದ ಕಲ್ಲಿನ ತೊಟ್ಟಿಯಲ್ಲಿ ಮೈ ತೊಳೆದು, ಬಟ್ಟೆಯಲ್ಲಿ ಸುತ್ತಿ ದಾದಿಯ ಕೈಗೆ ಕೊಡುತ್ತಿದ್ದಳು. ಕೊರಳಿಗೆ ದಾರದಲ್ಲಿ ಸೀಸದ ಒಂದು ಬಿಲ್ಲೆ ಬೀಳುತ್ತಿತ್ತು. ಈ ಮಗು ಅನ್ನುನ್ಸಿಯಾಟಾದ್ದು ಎಂಬುದಕ್ಕೆ ಅದೇ ಮುದ್ರೆ.

ಆ ಕಿಂಡಿಯ ಬಗ್ಗೆ ನೇಪಲ್ಸಿನಲ್ಲಿ ಹೇಳುವ ಒಂದು ಮಾತಿದೆ. ಅದು ಹೊಸದಾಗಿ ಹುಟ್ಟಿದ ಕೂಸು ಹಿಡಿಸುವಷ್ಟೇ ಚಿಕ್ಕದು. ಆದರೂ ಬರಗಾಲದ ವರ್ಷಗಳಲ್ಲಿ ನಾಲ್ಕೈದು ವರ್ಷದ ಮಕ್ಕಳನ್ನು ಮೈಗೆ ಎಣ್ಣೆ ಹಚ್ಚಿ ಅದರೊಳಗೆ ತೂರಿಸುತ್ತಿದ್ದರಂತೆ. ನಡೆದದ್ದೋ ಕಟ್ಟಿದ್ದೋ, ಊರಿನವರು ತಲೆಮಾರುಗಳಿಂದ ಇದನ್ನು ಹೇಳುತ್ತ ಬಂದಿದ್ದಾರೆ. ನಾಲ್ಕು ವರ್ಷದ ಮಗುವಿಗೆ ತಾಯಿಯ ಮುಖ ಗೊತ್ತಿರುತ್ತದೆ, ಮನೆಯ ದಾರಿ ಗೊತ್ತಿರುತ್ತದೆ. ಎಣ್ಣೆ ಸವರುವ ಆ ಕೈಗಳನ್ನು ನೆನೆದರೆ, ಮಕ್ಕಳನ್ನು ಬಿಟ್ಟುಹೋದವರೆಲ್ಲ ಕಟುಕರು ಎಂಬ ತೀರ್ಮಾನಕ್ಕೆ ಬರಲು ನನಗೆ ಸಾಧ್ಯವಾಗುವುದಿಲ್ಲ.

ಇಂಥ ಚಕ್ರ ನೇಪಲ್ಸಿನದೊಂದೇ ಅಲ್ಲ. ರೋಮಿನಲ್ಲಿ ಟೈಬರ್ ನದಿಯ ಬೆಸ್ತರ ಬಲೆಗೆ ಮೀನಿನ ಜೊತೆ ಶಿಶುಗಳ ಶವಗಳು ಸಿಗುತ್ತಿದ್ದವು. ಮೂರನೆಯ ಇನ್ನೊಸೆಂಟ್ ಎಂಬ ಪೋಪ್ ಅದನ್ನು ಕೇಳಿ ಕನಲಿ, ಸ್ಯಾಂಟೊ ಸ್ಪಿರಿಟೊ ಆಸ್ಪತ್ರೆಯಲ್ಲಿ ಚಕ್ರ ಇಡಿಸಿದ ಎಂಬುದು ಪ್ರತೀತಿ. ಆ ಆಸ್ಪತ್ರೆಯ ಗೋಡೆಗಳಲ್ಲಿ 15ನೇ ಶತಮಾನದ ಚಿತ್ರಗಳು ಈ ಕಥೆಯನ್ನು ಈಗಲೂ ಹೇಳುತ್ತವೆ. ಮಿಲಾನಿನಲ್ಲಿ ಇನ್ನೂ ಹಿಂದೆ, 787ರಲ್ಲೇ, ಡಾಟೆಯೊ ಎಂಬ ಪಾದ್ರಿ ಇಂಥ ಮಕ್ಕಳಿಗಾಗಿ ಒಂದು ಮನೆ ತೆರೆದಿದ್ದ. ಯುರೋಪಿನಲ್ಲಿ ಇಂಥ ಮನೆಗಳ ಪೈಕಿ ಇದೇ ಮೊದಲನೆಯದು ಎನ್ನುತ್ತಾರೆ. 19ನೇ ಶತಮಾನದ ನಡುವಿನ ಹೊತ್ತಿಗೆ ಇಟಲಿಯ ಊರೂರುಗಳಲ್ಲಿ ಒಟ್ಟು ಸಾವಿರಕ್ಕೂ ಮಿಕ್ಕಿ ಚಕ್ರಗಳು ತಿರುಗುತ್ತಿದ್ದವು.

ಊರಿಗೊಂದು ಚಕ್ರವಿದ್ದಂತೆ ಊರಿಗೊಂದು ಹೆಸರೂ ಹುಟ್ಟಿತು. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆಯ ತರುವಾಯ ಪ್ರತಿ ಚರ್ಚೂ ಜ್ಞಾನಸ್ನಾನ, ಮದುವೆಗಳ ಪುಸ್ತಕ ಇಡಬೇಕಾಯಿತು. ಪುಸ್ತಕಕ್ಕೆ ಹೆಸರು ಬೇಕು. ಅಪ್ಪನಿಲ್ಲದವನಿಗೆ ಏನೆಂದು ಬರೆಯುವುದು? ರೋಮ್ ಮತ್ತು ಉಂಬ್ರಿಯಾ ಕಡೆ ಪ್ರೊಯೆಟ್ಟಿ ಎಂದು ಬರೆದರು. ಎಸೆಯಲ್ಪಟ್ಟವರು ಎಂಬ ಅರ್ಥದ ಆ ಹೆಸರು ಎಸ್ಪೊಸಿಟೊಗಿಂತ ಕಠೋರ. ಬೊಲೋನ್ಯದಲ್ಲಿ ಡೆಲ್ಯಿ ಎಸ್ಪೋಸ್ಟಿ ಎಂದಾಯಿತು. ಇಟಲಿಯ ರಂಗಭೂಮಿಯ ದೊಡ್ಡ ನಟಿ ಪಿಯೆರಾ ಡೆಲ್ಯಿ ಎಸ್ಪೋಸ್ಟಿ ಆ ಊರಿನವರೇ. ಸಿಸಿಲಿಯಲ್ಲಿ ಸ್ಪೊಸಿಟೊ ಎಂದು ಮೊಟಕಾಯಿತು, ಸಿಕ್ಕಿದವನು ಎಂಬರ್ಥದ ಟ್ರೊವಾಟೊ ಎಂಬುದೂ ಅಲ್ಲಿ ಬಂತು. ಕೆಲವು ಕಡೆ ಬರೆಯುವವರ ಮನಸ್ಸು ಮೆತ್ತಗಿತ್ತೋ ಏನೋ, ‘ದೇವರು ನಿನ್ನನ್ನು ಬೆಳೆಸಲಿ’ ಎಂಬ ಇಡೀ ವಾಕ್ಯವನ್ನೇ ಹೆಸರಾಗಿಸಿದರು. ಡಿಯೊಟಲ್ಲೇವಿ ಎಂಬ ಆ ಹೆಸರನ್ನು ಓದಿದಾಗಲೆಲ್ಲ ಮಸಿ ಅದ್ದಿದ ಲೇಖನಿ ಹಿಡಿದು ಒಂದು ಗಳಿಗೆ ತಡೆದು ಕೂತ ಯಾರೋ ಒಬ್ಬ ಗುಮಾಸ್ತ ನನ್ನ ಕಣ್ಣಿಗೆ ಕಟ್ಟುತ್ತಾನೆ.

ಮಿಲಾನಿನ ಹೆಸರು ಇವೆಲ್ಲಕ್ಕಿಂತ ಸೊಗಸು. ಅಲ್ಲಿನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳ. ಅಲ್ಲಿ ಸೇರಿದ ಮಕ್ಕಳೆಲ್ಲ ಪಾರಿವಾಳದ ಹೆಸರಿನಿಂದ ಕೊಲೊಂಬೊ ಆದರು. 1825ರವರೆಗೆ ಈ ರೂಢಿ ನಡೆಯಿತು, ಆ ಹೊತ್ತಿಗೆ ಮಿಲಾನಿನ ತುಂಬ ಕೊಲೊಂಬೊಗಳೇ. ಇಲ್ಲೊಂದು ಮಾತು ಹೇಳಬೇಕು: ಎಲ್ಲ ಕೊಲೊಂಬೊಗಳೂ ಹೀಗೆ ಬಂದವರಲ್ಲ. ನಾವು ಕೊಲಂಬಸ್ ಎನ್ನುವ ಕ್ರಿಸ್ಟೊಫೊರೊ ಕೊಲೊಂಬೊ ಜಿನೋವಾದ ನೇಕಾರನ ಮಗ. ಪಾರಿವಾಳ ಸಾಕುವವರಿಗೂ ಆ ಹೆಸರಿತ್ತು. ಇದೇ ಎಚ್ಚರಿಕೆ ಇನ್ನೊಚೆಂಟಿ ಎಂಬ ಹೆಸರಿಗೂ ಬೇಕು. ಅದು ಫ್ಲಾರೆನ್ಸ್ ಸೀಮೆಯದು, ಅಲ್ಲಿನ ಬಿಟ್ಟುಹೋದ ಕೂಸುಗಳ ಇನ್ನೊಚೆಂಟಿ ಆಸ್ಪತ್ರೆಯಿಂದ ಬಂದದ್ದು. ಒಂದು ಕಾಲಕ್ಕೆ ನಮ್ಮ ರಸ್ತೆಗಳಲ್ಲೂ ಓಡಿದ ಲ್ಯಾಂಬ್ರೆಟಾ ಸ್ಕೂಟರನ್ನು ಮಾಡಿದ ಫರ್ಡಿನಾಂಡೊ ಇನ್ನೊಚೆಂಟಿ ಹುಟ್ಟಿದ್ದು ಆ ಟಸ್ಕನಿ ಪ್ರಾಂತ್ಯದಲ್ಲೇ.

ಫ್ಲಾರೆನ್ಸಿನ ಆ ಆಸ್ಪತ್ರೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ರೇಷ್ಮೆ ವರ್ತಕರ ಸಂಘ 1419ರಲ್ಲಿ ಅದನ್ನು ಕಟ್ಟಿಸಲು ಹೊರಟಿತು. ನಕ್ಷೆ ಬರೆದವನು ಮುಂದೆ ಆ ಊರಿನ ಮಹಾಚರ್ಚಿಗೆ ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿ. ಅಂದರೆ ಪುನರುಜ್ಜೀವನ ಕಾಲದ ಮೊಟ್ಟಮೊದಲ ದೊಡ್ಡ ಕಟ್ಟಡಗಳಲ್ಲೊಂದು ತಂದೆತಾಯಿಯಿಲ್ಲದ ಕೂಸುಗಳಿಗಾಗಿ ಎದ್ದದ್ದು. 1445ರಲ್ಲಿ ಬಾಗಿಲು ತೆರೆಯಿತು. ಫೆಬ್ರುವರಿ 5ರಂದು ಮೊದಲ ಕೂಸು ಬಂತು, ಹೆಣ್ಣು. ಅಂದು ಸಂತ ಆಗತಾಳ ಹಬ್ಬವಾದ್ದರಿಂದ ಆಗತಾ ಸ್ಮೆರಾಲ್ಡಾ ಎಂದು ಹೆಸರಿಟ್ಟರು. ಕಟ್ಟಡದ ಮುಂಭಾಗದ ಕಮಾನುಗಳ ನಡುವೆ ನೀಲಿ ಹಿನ್ನೆಲೆಯಲ್ಲಿ ಬಟ್ಟೆ ಸುತ್ತಿದ ಬಿಳಿಯ ಕೂಸುಗಳಿವೆ. 1487ರಲ್ಲಿ ಆಂಡ್ರೆಯಾ ಡೆಲ್ಲಾ ರೊಬಿಯಾ ಸುಟ್ಟಮಣ್ಣಿನಲ್ಲಿ ಮಾಡಿದವು ಅವು. ಅಮೆರಿಕದ ಮಕ್ಕಳ ವೈದ್ಯರ ಸಂಘದ ಲಾಂಛನದಲ್ಲಿರುವ ಕೂಸು ಅದೇ. ಕಟ್ಟಡ ತನ್ನ ಕೆಲಸವನ್ನು ಇನ್ನೂ ಬಿಟ್ಟಿಲ್ಲ. 1988ರಲ್ಲಿ ಯುನಿಸೆಫ್‌ನ ಸಂಶೋಧನಾ ಕೇಂದ್ರಕ್ಕೆ ನೆಲೆಯಾದದ್ದೂ ಅದೇ.

ಅದರೊಳಗಿನ ವಸ್ತುಸಂಗ್ರಹಾಲಯದ ಗೋಡೆಯಲ್ಲಿ ಸಾಲು ಸಾಲು ಪುಟ್ಟ ಖಾನೆಗಳಿವೆ. ಪ್ರತಿ ಖಾನೆಯ ಮೇಲೂ ಒಂದು ಮಗುವಿನ ಹೆಸರು. ಎಳೆದರೆ ಒಳಗೆ ಅರ್ಧ ಪದಕ, ತುಂಡಾದ ನಾಣ್ಯ, ಗಾಜಿನ ಮಣಿ, ಬಣ್ಣದ ದಾರ. ಕೂಸಿನ ಬಟ್ಟೆಗೆ ಸಿಕ್ಕಿಸಿ ಕಳಿಸಿದ್ದ ಗುರುತುಗಳು ಅವು. ಪದಕವನ್ನು ಎರಡು ಹೋಳು ಮಾಡಿ ಒಂದನ್ನು ಮಗುವಿಗೆ ಕಟ್ಟಿ, ಇನ್ನೊಂದನ್ನು ತಾಯಿ ತನ್ನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮುಂದೆಂದಾದರೂ ಕಾಲ ಕೂಡಿಬಂದರೆ ತನ್ನ ಹೋಳನ್ನು ತೋರಿಸಿ ಮಗುವನ್ನು ಕೇಳಿ ಪಡೆಯಬಹುದು. ಮಿಲಾನಿನ ದಾಖಲೆಗಳಲ್ಲಿ ಕತ್ತರಿಸಿದ ಇಸ್ಪೀಟು ಎಲೆಗಳೂ ಸಂತರ ಚಿತ್ರದ ಅರ್ಧಭಾಗಗಳೂ ಇವೆ. ಅವು ಇನ್ನೂ ಖಾನೆಯಲ್ಲೇ ಇವೆಯೆಂದರೆ, ಆ ಇನ್ನರ್ಧ ಬರಲಿಲ್ಲ ಎಂದೇ ಅರ್ಥ.

ಎಷ್ಟೋ ಮಂದಿ ಬಂದದ್ದೂ ಉಂಟು. ಬಡತನದಲ್ಲಿ ಮಗುವನ್ನು ಬಿಟ್ಟು, ಹಾಲು ಬಿಡಿಸುವ ವಯಸ್ಸಿಗೆ ಮರಳಿ ಕರೆದೊಯ್ದ ಗಂಡಹೆಂಡಿರು ಅನೇಕರಿದ್ದರು. 19ನೇ ಶತಮಾನದ ಮಿಲಾನಿನಲ್ಲಿ ಚಕ್ರಕ್ಕೆ ಬಿದ್ದ ಮಕ್ಕಳಲ್ಲಿ ದೊಡ್ಡ ಪಾಲು ಮದುವೆಯಾದವರ ಮಕ್ಕಳೇ. ಗಿರಣಿಗಳಲ್ಲಿ ದುಡಿಯುವ ಹೆಂಗಸಿಗೆ ಕೂಸನ್ನು ನೋಡಿಕೊಳ್ಳಲು ಯಾರೂ ಇರುತ್ತಿರಲಿಲ್ಲ. ಆಸ್ಪತ್ರೆ ಅದನ್ನು ಹಳ್ಳಿಯ ದಾದಿಗೆ ಕೊಟ್ಟು, ಸಂಬಳವನ್ನೂ ತಾನೇ ಕೊಡುತ್ತಿತ್ತು.

ಆದ್ದರಿಂದ ಎಸ್ಪೊಸಿಟೊ ಎಂದರೆ ಮದುವೆಯಿಲ್ಲದೆ ಹುಟ್ಟಿದವನು ಎಂಬ ಹಳೆಯ ಅರ್ಥ ಅರ್ಧ ಸತ್ಯ. ಉಳಿದರ್ಧದ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುವುದು ಮಕ್ಕಳನ್ನು ಬಿಟ್ಟ ತಾಯಂದಿರ ಮೇಲಲ್ಲ. ಇತಿಹಾಸಕಾರ ಡೇವಿಡ್ ಕರ್ಟ್ಜರ್ 1993ರ ತಮ್ಮ ಪುಸ್ತಕದಲ್ಲಿ ದಾಖಲೆ ಸಮೇತ ತೋರಿಸಿದ ಸಂಗತಿಗಳಿವು: ಪೋಪರ ಆಳ್ವಿಕೆಯಿದ್ದ ನಾಡುಗಳಲ್ಲಿ ಮದುವೆಯಾಗದ ಹೆಣ್ಣು ಬಸುರಾದರೆ ಅದನ್ನು ಪಾದ್ರಿಗೆ ತಿಳಿಸಬೇಕಿತ್ತು. ಹೆತ್ತ ಮಗುವನ್ನು ಅವಳು ಇಟ್ಟುಕೊಳ್ಳುವಂತಿರಲಿಲ್ಲ. ಬೊಲೋನ್ಯದಲ್ಲಿ ಅಂಥವಳು ಆಸ್ಪತ್ರೆಯಲ್ಲೇ ಉಳಿದು ಬೇರೆಯವರ ಕೂಸುಗಳಿಗೆ ಮೊಲೆಯೂಡಿ ‘ಋಣ’ ತೀರಿಸಬೇಕಾಗುತ್ತಿತ್ತು. ಗಂಡಸಿಗೆ ಏನು? ಏನೂ ಇಲ್ಲ. ನೆಪೋಲಿಯನ್ನನ ಕಾನೂನು ತಂದೆ ಯಾರೆಂದು ಹುಡುಕುವುದನ್ನೇ ನಿಷೇಧಿಸಿತು, ಒಗ್ಗೂಡಿದ ಇಟಲಿಯ 1865ರ ಸಂಹಿತೆಯೂ ಅದನ್ನೇ ಎತ್ತಿಕೊಂಡಿತು. ಯಾವ ಅಪ್ಪನೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಆತನ ಹೆಸರಿಗೆ ಧಕ್ಕೆ ಬರದಿರಲೆಂದು ಮಗುವಿಗೆ ಆ ಇನ್ನೊಂದು ಹೆಸರು ಅಂಟಿತು.

ಚಕ್ರ ದಾಟಿದ ಮೇಲೆ ಮಗುವಿಗೆ ಏನಾಗುತ್ತಿತ್ತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಒಬ್ಬೊಬ್ಬ ದಾದಿಗೆ ಮೂರು ನಾಲ್ಕು ಕೂಸುಗಳು, ಸಾಲದ ಹಾಲು, ಹರಡುವ ಕಾಯಿಲೆಗಳು, ಚಳಿಗಾಲದಲ್ಲಿ ಹಳ್ಳಿಗೆ ಗಾಡಿಯ ಪಯಣ. 19ನೇ ಶತಮಾನದ ಎಷ್ಟೋ ಶಿಶುಗೃಹಗಳಲ್ಲಿ ಬಂದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಕೆಲವು ಕಡೆ, ಕೆಲವು ವರ್ಷ ಬದುಕಿ ಉಳಿದವು ಬೆರಳೆಣಿಕೆಯಷ್ಟು. ಹೆಸರು ಕೊಟ್ಟ ಪುಸ್ತಕದಲ್ಲೇ, ಕೆಲವೇ ದಿನಗಳ ಅಂತರದಲ್ಲಿ, ಸಾವಿನ ತಾರೀಖೂ ಬರುತ್ತಿತ್ತು.

ಅಂದರೆ ಇವತ್ತು ಜಗತ್ತಿನಲ್ಲಿರುವ ಪ್ರತಿಯೊಬ್ಬ ಎಸ್ಪೊಸಿಟೊ, ಸಾಯುವ ಸಂಭವವೇ ಹೆಚ್ಚಿದ್ದಾಗ ಬದುಕಿ ಉಳಿದ ಒಂದು ಕೂಸಿನ ಸಂತಾನ. ಆ ಕೂಸು ಹಾಲಿನ ಕೊರತೆಯನ್ನು ಗೆದ್ದಿತು, ಸಿಡುಬನ್ನು ಗೆದ್ದಿತು, ಬೆಳೆದು ಕಸುಬು ಕಲಿತು, ಮನೆ ಕಟ್ಟಿ, ತನ್ನದೇ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡಿತು. ಅದರಲ್ಲೂ ಇಟಲಿಯಲ್ಲಿ ಹೆಸರು ತಂದೆಯಿಂದ ಇಳಿಯುತ್ತಿದ್ದುದರಿಂದ, ಇವತ್ತಿನ ಎಸ್ಪೊಸಿಟೊಗಳೆಲ್ಲ ಬಹುಮಟ್ಟಿಗೆ ಗಂಡುಕೂಸುಗಳ ವಂಶದವರು. ಅಷ್ಟೇ ಸಂಖ್ಯೆಯಲ್ಲಿ, ಬಹುಶಃ ಇನ್ನೂ ಹೆಚ್ಚಾಗಿ, ಹೆಣ್ಣುಕೂಸುಗಳೂ ಬದುಕಿ ಬೇರೆ ಬೇರೆ ಮನೆ ಸೇರಿದವು. ನೇಪಲ್ಸಿನ ಯಾವ ರೂಸೊ, ಯಾವ ರೊಮಾನೊ ಕುಟುಂಬದ ಅಜ್ಜಿಯೂ ಆ ಕಿಂಡಿಯಿಂದ ಬಂದವಳಾಗಿರಬಹುದು.

ಅವಮಾನದ ಗುರುತಾಗಿ ಹುಟ್ಟಿದ ಹೆಸರು ನೇಪಲ್ಸಿನಲ್ಲಿ ಹೇಗೆ ಜನರ ಹೆಸರಾಯಿತು ಎಂದು ಕೇಳಿದರೆ, ಆ ಊರು ಈ ಮಕ್ಕಳನ್ನು ಇನ್ನೊಂದು ರೀತಿಯಲ್ಲೂ ಕರೆಯುತ್ತಿತ್ತು ಎಂಬುದನ್ನು ನೆನೆಯಬೇಕು. ‘ಮಡೋನ್ನಾಳ ಮಕ್ಕಳು’. ಮೇರಿಯಮ್ಮನ ಮನೆಯಲ್ಲಿ ಬೆಳೆದ ಹುಡುಗಿಯನ್ನು ಮದುವೆಯಾಗುವುದು ಪುಣ್ಯದ ಕೆಲಸ, ಜೊತೆಗೆ ಆಸ್ಪತ್ರೆ ಕೊಡುವ ವರದಕ್ಷಿಣೆಯೂ ಬರುತ್ತಿತ್ತು. ಮಕ್ಕಳಿಲ್ಲದವರು, ಒಂದು ಮಗು ಕಳೆದುಕೊಂಡವರು ಅನ್ನುನ್ಸಿಯಾಟಾಕ್ಕೆ ಬಂದು ಕೂಸನ್ನು ಹರಕೆಯಾಗಿ ಒಯ್ಯುತ್ತಿದ್ದರು. ಚರ್ಚಿನಲ್ಲಿ ಮರದಲ್ಲಿ ಕೆತ್ತಿದ ಒಬ್ಬ ಹಳೆಯ ಮಡೋನ್ನಾ ಇದ್ದಾಳೆ. ಜನ ಅವಳನ್ನು ‘ಮಮ್ಮಾ ಕಿಯಾಟ್ಟಾ’ ಎನ್ನುತ್ತಾರೆ, ದಪ್ಪಗಿರುವ ಅಮ್ಮ. ತಾಯಿ ಇಲ್ಲದವರಿಗೆ ಸಿಕ್ಕ ತಾಯಿ ಮೈತುಂಬಿಕೊಂಡಿದ್ದಳು, ಅವಳ ಮಡಿಲಲ್ಲಿ ಎಲ್ಲರಿಗೂ ಜಾಗವಿತ್ತು. ಹೆಸರಿನ ಕಳಂಕವನ್ನು ಕಳೆದವರು ಈ ಬೀದಿಯ ಜನ. ಅರಸರ ಕಾಯಿದೆಗಳು ಬಂದದ್ದು ಅವರ ಹಿಂದೆ.

ಕಾಯಿದೆಗಳೂ ಬಂದವು, ಹಾಗೆಂದು ಅವನ್ನು ಕಡೆಗಣಿಸುವುದು ತಪ್ಪು. ನೇಪಲ್ಸನ್ನು ಬಹುಕಾಲ ಆಳಿದ ಸ್ಪೇನಿನಲ್ಲಿ ಇದೇ ಹೆಸರಿಗೆ ಎಕ್ಸ್‌ಪೊಸಿಟೊ ಎಂಬ ರೂಪವಿದೆ. ಅಲ್ಲಿನ ರಾಜ ನಾಲ್ಕನೆಯ ಕಾರ್ಲೊಸ್ 1794ರಲ್ಲಿ ಇಂಥ ಮಕ್ಕಳನ್ನು ಸಕ್ರಮ ಸಂತಾನವೆಂದೇ ಎಣಿಸಬೇಕು, ಅವರನ್ನು ಹೀನಾಯವಾಗಿ ಕರೆದವರಿಗೆ ಶಿಕ್ಷೆ ಎಂದು ಆಜ್ಞೆ ಹೊರಡಿಸಿದ. ನೇಪಲ್ಸಿನಲ್ಲಿ ನೆಪೋಲಿಯನ್ನನ ತಂಗಿಯ ಗಂಡ ಜೋಕಿಂ ಮ್ಯುರಾ 1808ರಿಂದ 1815ರವರೆಗೆ ರಾಜನಾಗಿದ್ದ. ಅವನ ಕಾಲದಲ್ಲಿ ಎಸ್ಪೊಸಿಟೊ ಎಂಬ ಹೆಸರಿಡುವುದಕ್ಕೆ ತಡೆ ಬಿತ್ತು. ಹುಟ್ಟು ಸಾವುಗಳನ್ನು ಸರ್ಕಾರಿ ಕಚೇರಿಯಲ್ಲಿ ಬರೆಸುವ ಪದ್ಧತಿ 1809ರಲ್ಲಿ ಬಂದಿತ್ತು. ಸಿಕ್ಕ ಮಗುವಿಗೆ ಇನ್ನು ಅಧಿಕಾರಿಯೇ ಒಂದು ಹೆಸರು ಕಲ್ಪಿಸಬೇಕು. ಆದರೆ ಅಷ್ಟರೊಳಗೆ ಎಸ್ಪೊಸಿಟೊಗಳಿಗೆ ಮಕ್ಕಳು ಮೊಮ್ಮಕ್ಕಳಾಗಿ ಹೆಸರು ಊರೆಲ್ಲ ತುಂಬಿಹೋಗಿತ್ತು. ಹೊಸ ಕೂಸುಗಳಿಗೆ ಆ ಹೆಸರು ಕೊಡಬೇಡಿರೆಂದು ರಾಜ ಹೇಳಬಹುದು, ಅಪ್ಪನ ಹೆಸರನ್ನು ಮಗನಿಂದ ಕಿತ್ತುಕೊಳ್ಳಲಾದೀತೆ?

ಚಕ್ರಗಳು ನಿಂತದ್ದು ಇನ್ನೂ ತಡವಾಗಿ. 1867ರಲ್ಲಿ ಫೆರಾರಾ ಮೊದಲು ಮುಚ್ಚಿತು, ಮರುವರ್ಷ ಮಿಲಾನ್. ಅನ್ನುನ್ಸಿಯಾಟಾದ ಕಿಂಡಿಯನ್ನು 1875ರ ಜೂನ್‌ನಲ್ಲಿ ಮುಚ್ಚಿದರು. ದೇಶಾದ್ಯಂತ ಕಾನೂನು ಪ್ರಕಾರ ಕೊನೆಯಾಗಲು 1923 ಬರಬೇಕಾಯಿತು. ಚಕ್ರ ನಿಂತರೂ ಮಕ್ಕಳು ಬರುವುದು ನಿಲ್ಲಲಿಲ್ಲ, ಕಚೇರಿಯ ಮೇಜಿನ ಮುಂದೆ ಬಂದು ಒಪ್ಪಿಸುವಂತಾಯಿತು ಅಷ್ಟೆ.

ಅದೇ ದಶಕಗಳಲ್ಲಿ ನೇಪಲ್ಸಿನ ಬಂದರಿನಿಂದ ಹಡಗುಗಳು ಹೊರಟವು. ಹಸಿವಿನಿಂದ ದಕ್ಷಿಣ ಇಟಲಿ ಖಾಲಿಯಾಗುತ್ತಿತ್ತು. ನ್ಯೂಯಾರ್ಕ್, ಬ್ಯೂನಸ್ ಐರಿಸ್, ಸಾವೊ ಪಾಲೊಗಳಿಗೆ ಎಸ್ಪೊಸಿಟೊಗಳು ಇಳಿದರು. ಅಲ್ಲಿ ಆ ಹೆಸರಿನ ಅರ್ಥ ಯಾರಿಗೂ ಗೊತ್ತಿರಲಿಲ್ಲ. ನೇಪಲ್ಸಿನವರು ‘ಪೊ’ ಮೇಲೆ ಒತ್ತುಕೊಟ್ಟು ಹೇಳುವ ಹೆಸರನ್ನು ಅಮೆರಿಕದವರು ‘ಸಿ’ ಮೇಲೆ ಒತ್ತಿದರು. ಕೆನಡಾದ ಸೂ ಸೇಂಟ್ ಮರಿ ಎಂಬ ಉಕ್ಕಿನ ಊರಿನಲ್ಲಿ ಬೆಳೆದ ಫಿಲ್ ಎಸ್ಪೊಸಿಟೊ 1968–69ರ ಐಸ್ ಹಾಕಿ ಋತುವಿನಲ್ಲಿ 126 ಅಂಕ ಗಳಿಸಿದ. ಅಲ್ಲಿನ ಮುಖ್ಯ ಲೀಗಿನಲ್ಲಿ ಅವನಿಗಿಂತ ಮುಂಚೆ ಯಾರೂ ಒಂದು ಋತುವಿನಲ್ಲಿ ನೂರು ಮುಟ್ಟಿರಲಿಲ್ಲ. ತಮ್ಮ ಟೋನಿ ಗೋಲ್‌ಕೀಪರನಾಗಿ ಅಷ್ಟೇ ಹೆಸರು ಮಾಡಿದ. ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿ ನೋಡಿದ ನಮ್ಮ ಹುಡುಗರಿಗೆ ಜಿಯಾನ್‌ಕಾರ್ಲೊ ಎಸ್ಪೊಸಿಟೊ ಪರಿಚಿತ. ಆತನ ತಂದೆ ನೇಪಲ್ಸಿನವರು, ತಾಯಿ ಅಲಬಾಮಾದ ಕಪ್ಪುಜನಾಂಗದ ಒಪೆರಾ ಗಾಯಕಿ. ಮಾರ್ಗರಿಟಾ ಪಿಜ್ಜಾ ಹುಟ್ಟಿದ ಕಥೆಯಲ್ಲೂ ಈ ಹೆಸರೇ ಬರುತ್ತದೆ. 1889ರಲ್ಲಿ ನೇಪಲ್ಸಿಗೆ ಬಂದ ರಾಣಿ ಮಾರ್ಗರಿಟಾಳಿಗೆ ಟೊಮ್ಯಾಟೊ, ಚೀಸ್, ತುಳಸಿ ಜಾತಿಯ ಎಲೆ ಹಾಕಿ ಪಿಜ್ಜಾ ಮಾಡಿಕೊಟ್ಟವನು ರಫಾಯೆಲೆ ಎಸ್ಪೊಸಿಟೊ ಎಂದು ಹೇಳುತ್ತಾರೆ.

ಸಮುದ್ರ ದಾಟಿದವರಿಗೆ ಹಗುರಾದ ಹೆಸರು ದೇಶದೊಳಗೇ ಉತ್ತರಕ್ಕೆ ಹೋದವರಿಗೆ ಭಾರವಾಯಿತು. 1950, 60ರ ದಶಕಗಳಲ್ಲಿ ಟ್ಯೂರಿನ್, ಮಿಲಾನಿನ ಕಾರ್ಖಾನೆಗಳಿಗೆ ದಕ್ಷಿಣದಿಂದ ಜನ ರೈಲು ಹತ್ತಿ ಬಂದರು. ಟ್ಯೂರಿನ್ನಿನಲ್ಲಿ ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ ಎಂಬ ಫಲಕಗಳು ತೂಗುತ್ತಿದ್ದ ಕಾಲ ಅದು. ಎಸ್ಪೊಸಿಟೊ ಎಂದು ಹೇಳಿದರೆ ಊರು ಯಾವುದೆಂದು ಬೇರೆ ಹೇಳಬೇಕಾಗಿರಲಿಲ್ಲ. ಈ ಸಲ ಅವಮಾನ ಹುಟ್ಟಿನದಲ್ಲ, ಬಡತನದ್ದು ಮತ್ತು ದಿಕ್ಕಿನದು.

ನೇಪಲ್ಸ್ ಮಾತ್ರ ಅಷ್ಟರಲ್ಲಿ ಈ ವಿಷಯವನ್ನು ರಂಗದ ಮೇಲೆ, ತೆರೆಯ ಮೇಲೆ ತಂದಾಗಿತ್ತು. ಇದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ತಂದವರ ಬದುಕೇ ಅದಾಗಿತ್ತು. ಟೋಟೊ ಎಂದು ಇಡೀ ಇಟಲಿ ಪ್ರೀತಿಸಿದ ನಗೆನಟ 1898ರಲ್ಲಿ ಸಾನಿಟಾ ಕೇರಿಯಲ್ಲಿ ಹುಟ್ಟಿದಾಗ ದಾಖಲೆಯಲ್ಲಿದ್ದದ್ದು ತಾಯಿಯ ಹೆಸರು, ಅಂಟೋನಿಯೊ ಕ್ಲೆಮೆಂಟೆ. ತಂದೆ ಅವನನ್ನು ಮಗನೆಂದು ಒಪ್ಪಿಕೊಳ್ಳುವ ಹೊತ್ತಿಗೆ ಅವನು ಬೆಳೆದು ದೊಡ್ಡವನಾಗಿದ್ದ. 1951ರ ‘ಗ್ವಾರ್ಡಿಯೆ ಎ ಲಾದ್ರಿ’ ಚಿತ್ರದಲ್ಲಿ ಟೋಟೊ ಹೊಟ್ಟೆಪಾಡಿಗೆ ಕಳ್ಳತನ ಮಾಡುವವ, ಆಲ್ಡೊ ಫಾಬ್ರಿಜಿ ಅವನನ್ನು ಅಟ್ಟಿಸಿಕೊಂಡು ಹೋಗುವ ಪೊಲೀಸ. ಹಿಡಿಯದಿದ್ದರೆ ಪೊಲೀಸನ ಕೆಲಸ ಹೋಗುತ್ತದೆ, ಹಿಡಿದರೆ ಕಳ್ಳನ ಮಕ್ಕಳು ಹಸಿಯುತ್ತಾರೆ. ಈ ನಡುವೆ ಎರಡೂ ಮನೆಯವರು ಒಬ್ಬರಿಗೊಬ್ಬರು ಹತ್ತಿರವಾಗಿಬಿಡುತ್ತಾರೆ. ಆ ಕಳ್ಳನ ಹೆಸರು ಫರ್ಡಿನಾಂಡೊ ಎಸ್ಪೊಸಿಟೊ.

ನಾಟಕಕಾರ ಎಡ್ವಾರ್ಡೊ ಡೆ ಫಿಲಿಪ್ಪೊನದೂ ಅದೇ ಕಥೆ. ನೇಪಲ್ಸಿನ ಹೆಸರಾಂತ ನಟ ಎಡ್ವಾರ್ಡೊ ಸ್ಕಾರ್ಪೆಟ್ಟಾ ಅವನ ತಂದೆ. ಆದರೆ ಅವನೂ, ಅಕ್ಕ ಟಿಟಿನಾಳೂ, ತಮ್ಮ ಪೆಪ್ಪಿನೊನೂ ಬೆಳೆದದ್ದು ತಾಯಿಯ ಹೆಸರಿನಲ್ಲಿ. 1946ರಲ್ಲಿ ಅವನು ‘ಫಿಲುಮೆನಾ ಮಾರ್ಟುರಾನೊ’ ಬರೆದ, ಫಿಲುಮೆನಾಳ ಪಾತ್ರ ಮಾಡಿದವಳು ಟಿಟಿನಾ. ವೇಶ್ಯೆಯಾಗಿದ್ದ ಫಿಲುಮೆನಾ ಮೂವರು ಗಂಡುಮಕ್ಕಳನ್ನು ಗುಟ್ಟಾಗಿ ಬೆಳೆಸಿದ್ದಾಳೆ. ಅವಳ ಜೊತೆಗಿರುವ ಸಿರಿವಂತ ಡೊಮೆನಿಕೊಗೆ ಒಂದು ದಿನ ಹೇಳುತ್ತಾಳೆ, ಮೂವರಲ್ಲಿ ಒಬ್ಬ ನಿನ್ನವನು ಎಂದು. ಯಾರು ಎಂದು ಅವನು ಪೀಡಿಸುತ್ತಾನೆ, ಹುಡುಗರ ನಡೆಯಲ್ಲಿ, ದನಿಯಲ್ಲಿ ತನ್ನ ಹೋಲಿಕೆ ಹುಡುಕುತ್ತಾನೆ. ಅವಳು ಕೊನೆಯವರೆಗೂ ಹೇಳುವುದಿಲ್ಲ. ಹೇಳಿದರೆ ಒಬ್ಬನಿಗೆ ಎಲ್ಲವೂ ಸಿಕ್ಕಿ ಇಬ್ಬರಿಗೆ ಏನೂ ಇಲ್ಲವಾಗುತ್ತದೆ. ಅವನು ಮೂವರಿಗೂ ತನ್ನ ಹೆಸರು ಕೊಡಬೇಕಾಗುತ್ತದೆ. 1964ರಲ್ಲಿ ಅದು ಸಿನಿಮಾ ಆದಾಗ ಫಿಲುಮೆನಾ ಆದವಳು ಸೋಫಿಯಾ ಲೊರೆನ್. ಅವಳ ತಂದೆಯೂ ತಾಯಿಯನ್ನು ಮದುವೆಯಾಗಿರಲಿಲ್ಲ. ನಟಿಸಿದವರಿಗೂ ಬರೆದವನಿಗೂ ಆ ಮಾತುಗಳ ತೂಕ ಎಲ್ಲಿಂದ ಬಂತೆಂದು ಯಾರೂ ವಿವರಿಸಬೇಕಿಲ್ಲ.

ಅದೇ ಸುಮಾರಿನಲ್ಲಿ ರಾಜ್ಯವೂ ಮೆಲ್ಲಗೆ ಕಣ್ಣು ಬಿಟ್ಟಿತು. 1948ರ ಸಂವಿಧಾನ ಮದುವೆಯ ಆಚೆ ಹುಟ್ಟಿದ ಮಕ್ಕಳನ್ನು ಸಾಕಿ ಓದಿಸುವುದೂ ಹೆತ್ತವರ ಕರ್ತವ್ಯ ಎಂದಿತು. ಆದರೂ ತಂದೆ ಗೊತ್ತಿಲ್ಲದವನ ಕಾಗದಪತ್ರಗಳಲ್ಲಿ ‘ಎನ್.ಎನ್.’ ಎಂದು ಬರೆಯುತ್ತಿದ್ದರು, ಹೆಸರು ತಿಳಿಯದು ಎಂದು. ಶಾಲೆಗೆ ಸೇರುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ, ಗುಮಾಸ್ತನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ ಆ ಎರಡಕ್ಷರ ಎಲ್ಲರಿಗೂ ಕಾಣುವಂತೆ ಹೊರಬರುತ್ತಿತ್ತು. 1955ರ ಕಾನೂನು ಗುರುತಿನ ಪತ್ರಗಳಿಂದ ತಂದೆತಾಯಿಯ ಹೆಸರನ್ನೇ ತೆಗೆದುಹಾಕಿ ಆ ಹಿಂಸೆಯನ್ನು ನಿಲ್ಲಿಸಿತು. 1975ರ ಕುಟುಂಬ ಕಾನೂನು ಸುಧಾರಣೆ ತಂದೆಯನ್ನು ಕೋರ್ಟಿನ ಮೂಲಕ ಹುಡುಕುವ ದಾರಿಯನ್ನು ಅಗಲ ಮಾಡಿತು. ಮಕ್ಕಳಲ್ಲಿ ಸಕ್ರಮ, ಅಕ್ರಮ ಎಂಬ ಭೇದ ಕಾನೂನಿನಲ್ಲಿ ಪೂರ್ತಿ ಅಳಿದದ್ದು 2012ರಲ್ಲಿ. ತಡವಾಯಿತು ಎನ್ನಲು ಇಷ್ಟು ಸಾಕು.

ಇಂದಿಗೂ ಇಟಲಿಯಲ್ಲಿ ಹೆರಿಗೆ ಆಸ್ಪತ್ರೆಗೆ ಬಂದ ಹೆಣ್ಣು ತನ್ನ ಹೆಸರು ದಾಖಲಾಗಬಾರದು ಎಂದು ಕೇಳಬಹುದು. ಹಲವು ಊರುಗಳಲ್ಲಿ ‘ಬದುಕಿನ ತೊಟ್ಟಿಲು’ ಎಂಬರ್ಥದ ಹೆಸರಿನ, ಬಿಸಿಯ ವ್ಯವಸ್ಥೆಯಿರುವ, ಕೂಸು ಇಟ್ಟೊಡನೆ ಒಳಗೆ ಗಂಟೆ ಬಾರಿಸುವ ತೊಟ್ಟಿಲುಗಳೂ ಬಂದಿವೆ. ತಾಯಿಯ ಗುರುತನ್ನು ನೂರು ವರ್ಷ ಮುಚ್ಚಿಡಬೇಕು ಎಂಬ ನಿಯಮದ ವಿರುದ್ಧ ಹಾಗೆ ಹುಟ್ಟಿದ ಒಬ್ಬ ಮಹಿಳೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2012ರಲ್ಲಿ ಗೆದ್ದರು. ಮರುವರ್ಷ ಇಟಲಿಯ ಸಂವಿಧಾನ ನ್ಯಾಯಾಲಯ, ಮಗು ಕೇಳಿದಾಗ ನ್ಯಾಯಾಧೀಶರು ತಾಯಿಯನ್ನು ಗುಟ್ಟಾಗಿ ಸಂಪರ್ಕಿಸಿ ಮನಸ್ಸು ಬದಲಿಸುವಿರಾ ಎಂದು ಕೇಳಲು ದಾರಿ ಇರಬೇಕೆಂದಿತು. ಮರೆಯಲ್ಲಿ ಹೆರುವ ತಾಯಿಯ ಭಯ ನನಗೆ ಅರ್ಥವಾಗುತ್ತದೆ, ತಾನು ಯಾರ ಮಗು ಎಂದು ಐವತ್ತು ದಾಟಿದ ಮೇಲೂ ಕೇಳುವವರ ಸಂಕಟವೂ ಅರ್ಥವಾಗುತ್ತದೆ. ಇಬ್ಬರಿಗೂ ಸಲ್ಲುವ ದಾರಿ ಇದೊಂದೇ ಎಂದು ನನ್ನ ನಂಬಿಕೆ: ಕೇಳುವ ಹಕ್ಕು ಮಗುವಿಗೆ, ಉತ್ತರದ ಹಕ್ಕು ತಾಯಿಗೆ.

ಹೆಸರಿನ ಬಗ್ಗೆ ಈಗಿನ ನಿಯಮ ಬಿಗಿಯಾಗಿದೆ. ಹೆತ್ತವರು ಗೊತ್ತಿಲ್ಲದ ಮಗುವಿಗೆ ಹೆಸರಿಡುವುದು ಜನನ ನೋಂದಣಿ ಅಧಿಕಾರಿಯ ಕೆಲಸವೇ. ಆದರೆ ಹುಟ್ಟಿನ ಹಿನ್ನೆಲೆ ಬಯಲಾಗುವಂಥ ಹೆಸರನ್ನು, ಆ ಸೀಮೆಯ ಹೆಸರುವಾಸಿ ಮನೆತನದ ಹೆಸರನ್ನು ಇಡುವಂತಿಲ್ಲ ಎಂದು 2000ದ ನಿಯಮಾವಳಿ ಹೇಳುತ್ತದೆ. ಪಾರಿವಾಳದ ಹೆಸರಿನ ಮಿಲಾನಿನಲ್ಲಿ ಇತ್ತೀಚೆಗೆ ‘ಹು’ ಎಂಬ ಚೀನೀ ಹೆಸರು ಮೊದಲ ಸಾಲಿಗೆ ಬಂದಿದೆ, ವಲಸೆ ಬಂದವರ ಹೆಸರಾಗಿ. ನೇಪಲ್ಸಿನಲ್ಲಿ ಎಸ್ಪೊಸಿಟೊ ತನ್ನ ಮೊದಲ ಜಾಗ ಬಿಟ್ಟುಕೊಟ್ಟಿಲ್ಲ. ಮಕ್ಕಳಿಗೆ ತಂದೆಯ ಹೆಸರೇ ತಾನಾಗಿ ಬರಬೇಕೆಂಬ ಕಟ್ಟಳೆಯನ್ನು ಸಂವಿಧಾನ ನ್ಯಾಯಾಲಯ 2022ರಲ್ಲಿ ತೆಗೆದುಹಾಕಿದ್ದರಿಂದ, ಆ ಹೆಸರಿನ ಹೆಣ್ಣುಮಕ್ಕಳೂ ಅದನ್ನು ತಮ್ಮ ಮಕ್ಕಳಿಗೆ ಕೊಡಬಹುದು. ಹೊಸದಾಗಿ ಆ ಹೆಸರನ್ನು ಯಾರ ಮೇಲೂ ಹೊರಿಸುವಂತಿಲ್ಲ. ಈಗ ಒಂದು ಮಗುವಿಗೆ ಎಸ್ಪೊಸಿಟೊ ಎಂಬ ಹೆಸರು ಬಂದಿದೆಯೆಂದರೆ ಅದಕ್ಕೆ ಆ ಹೆಸರಿನ ಅಪ್ಪನೋ ಅಮ್ಮನೋ ಇದ್ದಾರೆ, ಅವರು ಆ ಮಗುವನ್ನು ತಮ್ಮದೆಂದು ಬರೆಸಿದ್ದಾರೆ.